ಖಂಡೇ ನವಮಿಯ ಬಂದೂಕು

ಬಾಗಿಲು ತೆರೆದ ದಾನಪ್ಪನಿಗೆ ಮೊದಲು ಕಂಡದ್ದು ತಮ್ಮನ ಮುಖವಲ್ಲ, ಅವನ ಹೆಗಲ ಮೇಲಿದ್ದ ಕಂಬಳಿಯ ಸುರುಳಿ. ಸುರುಳಿಯ ತುದಿಯಿಂದ ಕಬ್ಬಿನ ಗರಿ ಹೊರಗೆ ಇಣುಕುತ್ತಿತ್ತು. ಮಹಾನವಮಿಗೆಂದು ಬಿಜಾಪುರದ ಸೀಮೆಯಿಂದ ಮುಂಬೈಗೆ ಕಬ್ಬು ಹೊತ್ತು ತಂದಿದ್ದಾನಲ್ಲ, ಎಂಥ ಹುಚ್ಚಪ್ಪ ಎಂದು ನಗುತ್ತಲೇ ದಾನಪ್ಪ ಸಂಗಪ್ಪನನ್ನು ಒಳಗೆ ಕರೆದ. ಕಂಬಳಿ ಬಿಚ್ಚಿದ ಮೇಲೆ ನಗು ನಿಂತಿತು. ಕಬ್ಬಿನ ಗಳಗಳ ನಡುವೆ ಅಪ್ಪನ ಬಂದೂಕು ಮಲಗಿತ್ತು.

"ರಾಚವ್ವಾ, ಬಾಗಲಾ ಹಾಕು!"

ಹೆಂಡತಿ ಓಡಿಬಂದು ಚಿಲಕ ಹಾಕಿದಳು. ಮುಂಬೈಯ ಸಯನ್ ಭಾಗದ ಆ ಚಾಳಿನ ಒತ್ತೊತ್ತಾದ ಕೋಣೆಗಳ ನಡುವೆ ಹಗಲು ಹೊತ್ತು, ಅದೂ ಹಬ್ಬದ ದಿನ, ಬಾಗಿಲು ಹಾಕುವುದೆಂದರೆ ಒಳಗೆ ಏನೋ ನಡೆದಿದೆ ಎಂದು ಡಂಗುರ ಸಾರಿದ ಹಾಗೆ. ಆದರೆ ತೆರೆದಿಡುವುದಂತೂ ಸಾಧ್ಯವೇ ಇರಲಿಲ್ಲ.

"ಇದನ್ಯಾಕ ತಂದೆಲೇ?"

"ಮತ್ತೇನ ಮಾಡ್ಲಿ?" ಸಂಗಪ್ಪ ಆರಾಮವಾಗಿ ತಲೆಯ ಪಟಗ ಬಿಚ್ಚಿದ. "ಅಪ್ಪ ಸತ್ತ ವರ್ಷ ಇದು. ಖಂಡೇ ಪೂಜ್ಯಾಗ ಮನಿ ಆಯುಧಕ್ಕ ಹಿರೇಮಗ ಕೈ ಮುಟ್ಟಬೇಕು. ನೀ ಮುಟ್ಟಿ ಕೊಡೂ ತನಕ ಅದನ್ನ ನಾ ಹಾರಸಾಂಗಿಲ್ಲ. ರಜಾ ಸಿಗಂಗಿಲ್ಲ ಅಂತ ಕಾಗದ ಬರದಿ. ನೀ ಬರದಿದ್ರ ಅದಾದ್ರೂ ಬರಬೇಕಲ್ಲ?"

"ಲೈಸನ್ಸು?"

"ಅದೂ ಅದ ತಗೋ!" ಎಂದು ಅವನು ಮೇಣಬಟ್ಟೆಯಲ್ಲಿ ಸುತ್ತಿದ ಪುಸ್ತಕವನ್ನು ಹೆಮ್ಮೆಯಿಂದ ತೆಗೆದುಕೊಟ್ಟ.

ಕಂಪನಿಯೊಂದರಲ್ಲಿ ಹತ್ತು ವರ್ಷ ಕಾರಕೂನಿಕೆ ಮಾಡಿದವನಿಗೆ ಆ ಪುಸ್ತಕ ಓದಲು ಒಂದು ನಿಮಿಷವೂ ಬೇಕಾಗಲಿಲ್ಲ. ಲೈಸನ್ಸು ಇದ್ದದ್ದು ಐದು ತಿಂಗಳ ಹಿಂದೆ ತೀರಿಹೋದ ಅಪ್ಪನ ಹೆಸರಿನಲ್ಲಿ. ಕಾರಣ, ಬೆಳೆ ರಕ್ಷಣೆ. ಮೀರಬಾರದ ಗಡಿ, ಬಿಜಾಪುರ ಜಿಲ್ಲೆ. ಸಂಗಪ್ಪ ಜಿಲ್ಲೆ ದಾಟಿದ್ದ, ಮೈಸೂರು ರಾಜ್ಯ ದಾಟಿದ್ದ, ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ, ಸತ್ತವನ ಬಂದೂಕನ್ನು ಮಹಾರಾಷ್ಟ್ರದ ಎದೆಯ ಮೇಲೆ ತಂದು ಇಳಿಸಿದ್ದ.

ಸಂಗಪ್ಪನನ್ನು ಬೈದು ಏನು ಉಪಯೋಗ! ಊರಲ್ಲಿ ಅದು ಕುಡಗೋಲು, ಮಿಣಿಹಗ್ಗಗಳ ಪಕ್ಕದ ಗೂಟಕ್ಕೆ ನೇತಾಡುವ ಸಾಮಾನು. ಶೇಂಗಾದ ಹೊಲಕ್ಕೆ ಹಂದಿ ನುಗ್ಗಿದರೆ ಒಂದು ಸಲ ಢಂ ಅನ್ನಿಸಬೇಕು, ಅಷ್ಟೇ. ಠಾಣೆಯ ಪೊಲೀಸನೇ ಅದರ ಕೆಳಗೆ ಕೂತು ಮಜ್ಜಿಗೆ ಕುಡಿದು ಹೋಗುತ್ತಿದ್ದ. ಇಲ್ಲಿ ಅದೇ ಸಾಮಾನು ಜೈಲು. ಕೆಲಸ ಹೋಗುವುದು ಆಮೇಲಿನ ಮಾತು.

"ಫೆಬ್ರುವರಿದಾಗ ಇಲ್ಲಿ ಏನಾತು ಗೊತ್ತದ ಏನು ನಿನಗ?" ದಾನಪ್ಪ ದನಿ ತಗ್ಗಿಸಿದ. "ಗಡಿ ಗಲಾಟ್ಯಾಗ ಇಲ್ಲಿಯವ್ರು ನಮ್ಮ ಕನ್ನಡದವ್ರ ಅಂಗಡಿ ಸುಟ್ರು."

"ನಾವೂ ಸುಮ್ನ ಕೂತಿಲ್ಲಪಾ. ಒಂದು ಇಂಚೂ ಕೊಡಾಂಗಿಲ್ಲ ಅಂತ ತಾಲೂಕಿಗೆ ಮೆರವಣಿಗಿ ಹೋಗಿದ್ವಿ."

"ನೀವು ಅಲ್ಲಿ ಮೆರವಣಿಗಿ ಹೊಂಡ್ರಿ. ಕಲ್ಲು ಇಲ್ಲಿ ನಮ್ಮ ತಲಿಗೆ ಬೀಳ್ತಾವ!"

ಸಂಗಪ್ಪನಿಗೆ ಸಿಟ್ಟು ಬಂದಾಗ ಕೈ ಕೆಲಸ ಮಾಡುತ್ತದೆ. ದೇವರ ಗೂಡಿನ ಮುಂದೆ ಮಣೆ ಹಾಕಿ ಬಂದೂಕು ಇಟ್ಟ, ವಿಭೂತಿ ಬಳಿದ, ಕುಂಕುಮ ಹಚ್ಚಿದ, ಚೆಂಡುಹೂವಿನ ಮಾಲೆ ಏರಿಸಿದ. "ನೀ ಬರೇ ಕೈ ಮುಟ್ಟು. ಸಂಜೀ ಗಾಡಿಗೆ ಹೊಳ್ಳಿ ಒಯ್ತೀನಿ" ಎಂದ.

ಆಗಲೇ ಬಾಗಿಲು ಬಡಿದ ಸದ್ದು.

"ದಾನಪ್ಪಾ, ಸಣಾಚ್ಯಾ ದಿವಶೀ ದಾರ್ ಬಂದ್?" ಹಬ್ಬದ ದಿನ ಬಾಗಿಲು ಯಾಕೆ ಹಾಕಿದ್ದೀರಿ ಎನ್ನುತ್ತಿದ್ದವರು ಪಕ್ಕದ ಖೋಲಿಯ ಸಾಳುಂಖೆ, ಸಾತಾರೆಯ ಕಡೆಯವರು, ಪೊಲೀಸ್ ಹವಾಲ್ದಾರರು. ಇಷ್ಟು ಜನರಿರುವ ಮುಂಬೈಯಲ್ಲಿ ಬರಬಾರದಿದ್ದವರು ಅವರೊಬ್ಬರೇ. ತೆರೆಯದಿದ್ದರೆ ಸಂಶಯ, ತೆರೆದರೆ ಸರ್ವನಾಶ. ದಾನಪ್ಪ ಕಂಬಳಿ ಎಳೆಯುವಷ್ಟರಲ್ಲಿ ರಾಚವ್ವ ಗಾಬರಿಯಲ್ಲಿ ಚಿಲಕ ತೆಗೆದುಬಿಟ್ಟಿದ್ದಳು.

ಸಾಳುಂಖೆ ಹೋಳಿಗೆಯ ತಟ್ಟೆ ಹಿಡಿದು ಒಳಗೆ ಬಂದರು. ಮಣೆಯ ಮೇಲಿದ್ದದ್ದನ್ನು ಕಂಡು ಅಭ್ಯಾಸಬಲದಿಂದ ಕೈ ಎದೆಗೆ ಹೋಯಿತು. ಅವರ ಊರಲ್ಲೂ ಇದು ಖಂಡೇ ನವಮಿಯೇ. ಮುಗಿಯಬೇಕಾದ ಕೈ ಅರ್ಧಕ್ಕೆ ನಿಂತಿತು.

"ಯಾರದು?"

ದಾನಪ್ಪ ತಮ್ಮನನ್ನು ತೋರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಸಾಳುಂಖೆ ಮರಾಠಿಯಲ್ಲಿ ಹೇಳಿದರು: "ಫೆಬ್ರುವರಿಯಲ್ಲಿ ಆವತ್ತು ಗುಂಪು ಮೆಟ್ಟಿಲು ಹತ್ತಿದಾಗ ನಾನೇನು ಹೇಳಿದ್ದೆ? ಇವರು ಸಾಂಗ್ಲಿಯವರು, ನಮ್ಮವರು, ಇವರ ಮನೆಯಲ್ಲಿ ಒಂದು ಬಡಿಗೆಯೂ ಇಲ್ಲ ಎಂದಿದ್ದೆ. ನನ್ನ ಮಾತಿಗೆ ಅವರು ಇಳಿದು ಹೋದರು. ದಾನಪ್ಪಾ, ಎರಡು ಗಂಟೆಗೆ ನನ್ನ ಡ್ಯೂಟಿ. ಅಲ್ಲಿಯವರೆಗೆ ನಾನು ನೆರೆಮನೆಯವನು. ಆಮೇಲೆ ಸಾಹೇಬರಿಗೆ ಹೇಳದೆ ಇರಲಾರೆ."

ತಟ್ಟೆ ಇಟ್ಟು ಹೋದರು. ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು.

"ಖಾಡಿ ನೀರಾಗ ಒಗದ ಬರ್ರಿ" ಎಂದಳು ರಾಚವ್ವ ಅಳುತ್ತ. "ಸಮುದ್ರದ ನೀರು ಯಾರಿಗೂ ಹೇಳಂಗಿಲ್ಲ."

"ಅಪ್ಪನ್ನ ಒಗದಂಗ ಆಗ್ತದ ವೈನಿ! ನಾನೇ ಹೊಳ್ಳಿ ಒಯ್ತೀನಿ" ಎಂದ ಸಂಗಪ್ಪ ಅತ್ತಿಗೆಗೆ.

"ದಾದರ ಸ್ಟೇಷನ್ದಾಗ ಗಂಟು ಬಿಚ್ಚಿ ನೋಡ್ತಾರ" ಎಂದ ದಾನಪ್ಪ. "ಸಿಕ್ಕಿಬಿದ್ರ ನಿನ್ನ ಹೊಲಾ ಯಾರು ನೋಡವ್ರು? ಅವ್ವನ್ನ ಯಾರು ನೋಡವ್ರು?"

ಬಂದೂಕಿನ ಹಿಡಿಕೆ ಸೀಳಿದ್ದ ಕಡೆ ಅಪ್ಪ ತಾಮ್ರದ ತಂತಿ ಸುತ್ತಿದ್ದ. ಆ ತಂತಿಯನ್ನು ಎಳೆದು ಹಿಡಿದಿದ್ದವನು ಏಳು ವರ್ಷದ ದಾನಪ್ಪನೇ. ಊರಿನಿಂದ ಹೊರಟವನು ಒಂದೊಂದಾಗಿ ಎಲ್ಲ ಬಿಟ್ಟಿದ್ದ. ಫೆಬ್ರುವರಿಯ ನಂತರ ಬಾಗಿಲ ಮೇಲಿನ ಹೆಸರಿನ ಹಲಗೆ ಕಿತ್ತಿದ್ದ. ಯಾರು ಕೇಳಿದರೂ ಊರು ಸಾಂಗ್ಲಿ ಎನ್ನುತ್ತಿದ್ದ. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅವನು ಕೈಕಾಲು ತೊಳೆದು ಬಂದು ಬಂದೂಕಿನ ಮೇಲೆ ಬಲಗೈ ಇಟ್ಟ, ಆರತಿ ಎತ್ತಿದ. ಮಾಲೆ ತೆಗೆದು ಕಬ್ಬಿನ ನಡುವೆ ಅದನ್ನು ಮತ್ತೆ ಮಲಗಿಸಿ ಸುರುಳಿ ಸುತ್ತಿದ. "ನಾ ಠಾಣ್ಯಾಕ ಹೋಗಿ ಒಪ್ಪಸ್ತೀನಿ. ನೀ ಬಂದೇ ಇಲ್ಲ, ತಿಳೀತಿಲ್ಲೊ? ಬರೀ ಕೈಲೆ ಸಂಜೀ ಗಾಡಿ ಹತ್ತು."

"ಹಂದಿ ಬಂದ್ರ?"

"ಹಲಗಿ ಬಾರಸು."

ಠಾಣೆ ಹತ್ತು ನಿಮಿಷದ ದಾರಿ. ತಿರುವಿನ ಪಾನ್ ಅಂಗಡಿಯ ಮುಂದೆ ನಿಂತಿದ್ದವರಲ್ಲಿ ಇಬ್ಬರನ್ನು ದಾನಪ್ಪ ಫೆಬ್ರುವರಿಯಲ್ಲಿ ಮೆಟ್ಟಿಲ ಮೇಲೆ ನೋಡಿದ್ದ. ಒಬ್ಬ ಅಡ್ಡ ಬಂದು ಸುರುಳಿಯ ತುದಿ ಹಿಡಿದ.

"ಕಾಯ್ ಕಾಕಾ, ಊಸ್? ಏಕ್ ದ್ಯಾ ನಾ."

ಕಬ್ಬು ಕೇಳುತ್ತಿದ್ದ. ದಾನಪ್ಪ ಸುರುಳಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. "ದೇವಾಸಾಠೀ" ಎಂದ, ದೇವರಿಗೆಂದು. ಹುಡುಗ ನಕ್ಕು ಒಂದು ಗರಿ ಹರಿದುಕೊಂಡು ಬಿಟ್ಟುಬಿಟ್ಟ. ಮುಂದಿನ ನೂರು ಹೆಜ್ಜೆ ಹೇಗೆ ನಡೆದನೋ ಆ ಶಿವನಿಗೇ ಗೊತ್ತು.

ಠಾಣೆಯಲ್ಲೂ ಹಬ್ಬ. ಗೋಡೆಗೆ ಸಾಲಾಗಿ ಒರಗಿಸಿದ್ದ ಸರಕಾರಿ ರೈಫಲುಗಳಿಗೆ ಚೆಂಡುಹೂವು, ಕುಂಕುಮ. ದಾನಪ್ಪ ಮೇಜಿನ ಮೇಲೆ ಕಂಬಳಿ ಬಿಚ್ಚಿದಾಗ ಪೇಡೆ ತಿನ್ನುತ್ತಿದ್ದ ಸಾಹೇಬರು ಎದ್ದು ನಿಂತರು. ಆಗಷ್ಟೇ ಸಮವಸ್ತ್ರದಲ್ಲಿ ಬಂದಿದ್ದ ಸಾಳುಂಖೆ ರಿಜಿಸ್ಟರು ತೆರೆದರು.

"ಇಲ್ಲಿಗೆ ತಂದದ್ದು ಯಾರು?"

"ನಾನೇ. ಅಪ್ಪ ತೀರಿಕೊಂಡಾಗ ಹೋಗಿದ್ದೆ, ಆಗ ತಂದೆ. ಪೂಜೆಗೆ."

"ಊರು?"

ಸಾಳುಂಖೆ ತಲೆಯೆತ್ತದೆ, "ಸಾಂಗ್ಲಿ ಕಡೆಯವರು ಸಾಹೇಬ್" ಎಂದು ಬರೆಯಹೊರಟರು. ಪಾಪ, ತಮ್ಮ ಹಳೆಯ ಮಾತನ್ನು ಉಳಿಸಿಕೊಳ್ಳಲು ಹೊರಟಿದ್ದರು.

"ಅಲ್ಲ" ಎಂದ ದಾನಪ್ಪ. ದನಿ ತಾನೆಣಿಸಿದ್ದಕ್ಕಿಂತ ದೊಡ್ಡದಾಗಿ ಬಂತು. "ಬಿಜಾಪುರ ಜಿಲ್ಲೆ. ಮೈಸೂರು ರಾಜ್ಯ."

ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಸಾಹೇಬರು ಆಗ ದಾನಪ್ಪ ಕೊಟ್ಟ ಲೈಸನ್ಸು ಮಗುಚುತ್ತ ಸಾಳುಂಖೆಯ ಕಡೆ ನೋಡಿದರು. "ನೀವೂ ಅದೇ ಚಾಳಿನವರಲ್ಲವೇ? ಇವರ ಮನೆಗೆ ಊರಿಂದ ಯಾರಾದರೂ ಬಂದಿದ್ದಾರೆಯೇ?"

ಸಾಳುಂಖೆಯ ಪೆನ್ನು ಕಾಗದದ ಮೇಲೆ ಊರಿದ ಕಡೆ ಮಸಿ ಹರಡುತ್ತಿತ್ತು.

"ಯಾರನ್ನೂ ನೋಡಿಲ್ಲ ಸಾಹೇಬ್" ಎಂದರು ಸಾಳುಂಖೆ.

ಸಾಹೇಬರು ದಾನಪ್ಪನಿಗೆ ಬೆಂಚು ತೋರಿಸಿದರು. ಹೋಗಬಹುದು ಎನ್ನಲಿಲ್ಲ. ಒಬ್ಬ ಪೊಲೀಸ್ ಅಪ್ಪನ ಬಂದೂಕನ್ನು ಎತ್ತಿಕೊಂಡು ಹೋಗಿ ಹೂವು ಮುಡಿದ ರೈಫಲುಗಳ ಸಾಲಿನ ಕೊನೆಗೆ ಒರಗಿಸಿದ. ದಾನಪ್ಪ ಕೂತು ಗೋಡೆಯ ಗಡಿಯಾರ ನೋಡಿದ. ತಮ್ಮನ ಗಾಡಿಗೆ ಇನ್ನೂ ಐದು ತಾಸು ಇತ್ತು.