ಮಡಕೆ ಹಿಡಿಯುವ ಕೈ

ಇಂಪನಾ ತಮ್ಮನ ಎರಡೂ ಕೈಗಳನ್ನು ಬಚ್ಚಲ ಕಲ್ಲಿನ ಮೇಲೆ ಎಳೆದಿಟ್ಟುಕೊಂಡು ಸೀಮೆಎಣ್ಣೆ ಬಟ್ಟೆಯಿಂದ ಉಜ್ಜುತ್ತಿದ್ದಳು. ಉಗುರು ಸಂದಿಯ ಗ್ರೀಸು ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ. ಶಿವಮೊಗ್ಗದ ಬೈಕ್ ರೇಸ್ ಮೈದಾನದಲ್ಲಿದ್ದ ಪ್ರಕಾಶ್ ಸುದ್ದಿ ಕೇಳಿದವನೇ ಕೆಲಸದ ಬಟ್ಟೆಯಲ್ಲೇ ಬಂದುಬಿಟ್ಟಿದ್ದ. ಅಂಗಳದಲ್ಲಿ ಅವರಪ್ಪ ನಾಗಯ್ಯನನ್ನು ಆಗಲೇ ಚಟ್ಟಕ್ಕೆ ಕಟ್ಟುತ್ತಿದ್ದರು.

"ಎಷ್ಟೊತ್ತೇ ಅದು? ಮಡಕೆಗೆ ಕೆಂಡ ಹಾಕಾಯ್ತು!" ಚಿಕ್ಕಪ್ಪ ಸುಬ್ಬಪ್ಪ ಹೊರಗಿನಿಂದ ಕೂಗಿದ.

"ಬಂದ್ವಿ ಚಿಕ್ಕಪ್ಪ."

ಪ್ರಕಾಶ್ ದನಿ ತಗ್ಗಿಸಿದ. "ಅಕ್ಕಾ, ಜನಾರ್ದನಣ್ಣ ಏನಂದ್ರು?"

"ಇವತ್ತು ಸಂಜೆನೇ ಹೊರಡ್ಬೇಕಂತೆ," ಎಂದವಳು ಇನ್ನಷ್ಟು ಜೋರಾಗಿ ಉಜ್ಜಿದಳು. ಜನಾರ್ದನ ಮೂಲತಃ ಇದೇ ಊರಿನ ಓಲ್ಡ್ ಟೌನಿನವನು, ಈಗ ಕೊಯಮತ್ತೂರಿನ ಒಂದು ರೇಸ್ ಟೀಮಿಗೆ ದೊಡ್ಡ ಮೆಕ್ಯಾನಿಕ್; ಪ್ರಕಾಶನನ್ನೂ ಅಲ್ಲಿಗೆ ಸೇರಿಸಿಕೊಳ್ಳುತ್ತೇನೆಂದಿದ್ದ. ಹೆಣಕ್ಕೆ ಹಾರ ಹಾಕಿ, ಹೋಗುವಾಗ ಗೇಟಿನ ಹತ್ತಿರ ಅವಳೊಬ್ಬಳನ್ನೇ ಕರೆದು ಹೇಳಿದ್ದ. "ಸಾವಿನ ಮನೇಲಿ ಹೇಳೋ ಮಾತಲ್ಲಮ್ಮ. ಟೀಮಿನ ಲಾರಿ ಇವತ್ತು ಸಂಜೆನೇ ಶಿವಮೊಗ್ಗದಿಂದ ಹೊರಡತ್ತೆ. ಬರೋ ವಾರ ಅಲ್ಲಿ ರೇಸಿದೆ, ಜಾಗ ಖಾಲಿ ಇಟ್ಕೊಂಡು ಕೂರಕ್ಕಾಗಲ್ಲ. ಇನ್ನೊಬ್ಬ ಕಾಯ್ತಿದಾನೆ."

ಶಿವಮೊಗ್ಗದ ಗ್ಯಾರೇಜಿನಲ್ಲಿ ಪಾರ್ಟು ತೊಳೆಯುವುದರಿಂದ ಶುರುಮಾಡಿದವನು ಪ್ರಕಾಶ್. ಭಾನುವಾರ ಎಲ್ಲಿ ರೇಸಿದ್ದರೂ ಬಿಟ್ಟಿಯಾಗಿ ಹೋಗಿ ಯಾರ ಬೈಕಿಗಾದರೂ ಸ್ಪ್ಯಾನರ್ ಹಿಡಿದು ನಿಲ್ಲುತ್ತಿದ್ದ. ಜನಾರ್ದನನ ಕಣ್ಣಿಗೆ ಬೀಳುವ ಹೊತ್ತಿಗೆ ಅವನ ಮೀಸೆ ಪೂರ್ತಿ ಬಲಿತಿತ್ತು. ಅಂಥ ಕೆಲಸ ಈ ಊರಿನಲ್ಲಿ ಯಾರಿಗೂ ಎರಡನೇ ಸಲ ಬಾಗಿಲು ತಟ್ಟುವುದಿಲ್ಲ ಎಂದು ಇಂಪನಾಳಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಹೊರಗೆ ಮಡಕೆ ಕಾಯುತ್ತಿತ್ತು. ಕಾಗದನಗರದ ಪೇಪರ್ ಮಿಲ್ಲಿನ ಕ್ವಾರ್ಟರ್ಸುಗಳಲ್ಲಿ ಯಾವ ಶಾಸ್ತ್ರದಲ್ಲೂ ಇಲ್ಲದ ಒಂದು ಪದ್ಧತಿ ಬೇರುಬಿಟ್ಟಿತ್ತು. ಸರ್ವಿಸಿನಲ್ಲಿರುವಾಗಲೇ ಸತ್ತವನ ಚಟ್ಟದ ಮುಂದೆ ಬೆಂಕಿ ಮಡಕೆ ಹಿಡಿದು ಯಾರು ನಡೆಯುತ್ತಾರೋ ಅವರಿಗೇ ಅನುಕಂಪದ ಕೆಲಸ. ಆಫೀಸಿನ ರೂಲು ಏನೇ ಇರಲಿ, ಊರು ನೋಡಿದ ಮೇಲೆ ಆ ಹೆಸರನ್ನು ಬದಲಾಯಿಸುವ ಧೈರ್ಯ ಯಾರಿಗೂ ಇರಲಿಲ್ಲ. ಇದಕ್ಕಾಗಿ ಅಣ್ಣತಮ್ಮಂದಿರು ಹೆಣದ ಎದುರೇ ಕೈಕೈ ಮಿಲಾಯಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಮಡಕೆ ಹಿಡಿದವನು ತಿಥಿ ಮುಗಿಯುವವರೆಗೆ ಊರು ಬಿಡುವಂತಿಲ್ಲ. ಮಡಕೆ ಬಿಟ್ಟರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಕ್ವಾರ್ಟರ್ಸಿಲ್ಲ. ಅಮ್ಮ ಚಿನ್ನಮ್ಮನಿಗೆ ಈ ಭೂಮಿಯ ಮೇಲೆ ಬೇರೆ ಸೂರೂ ಇರಲಿಲ್ಲ.

"ಅಮ್ಮನ್ನ ಬೀದಿಗೆ ಹಾಕಿ ಹೋಗಕ್ಕಾಗತ್ತಾ?" ಪ್ರಕಾಶ್ ಕೇಳಿದ. "ಬಿಡಕ್ಕ. ನಾನೇ ಹಿಡೀತೀನಿ."

ಇಂಪನಾಳಿಗೆ ಸಂಕಟವಾಯಿತು, ಅದರ ಬೆನ್ನಿಗೇ ಸಿಟ್ಟೂ ಬಂತು. ತನ್ನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

*

ನಾಗಯ್ಯ ಕಿವುಡ. ಚಿಕ್ಕಂದಿನಲ್ಲೇ ಕಿವಿ ಸೋರಿ ಸೋರಿ ಎರಡೂ ಮುಚ್ಚಿಹೋಗಿದ್ದವು. ಮಿಲ್ಲಿನ ಗದ್ದಲದಲ್ಲಿ ಬೇರೆಯವರು ತಲೆ ಹಿಡಿದುಕೊಂಡರೆ ಅವನು ಎಲೆಯಡಿಕೆ ಹಾಕಿಕೊಂಡು ಹಾಯಾಗಿರುತ್ತಿದ್ದ. ತನಗೆಂದೇ ಹೇಳಿ ಮಾಡಿಸಿದ ನೌಕರಿ ಎಂದು ನಗುತ್ತಿದ್ದ. ಮನೆ, ಮಿಲ್ಲು, ಸಂತೆ ಬಿಟ್ಟರೆ ಅವನಿಗೆ ಇನ್ನೊಂದು ಪ್ರಪಂಚವಿದೆಯೆಂದು ಯಾರೂ ಎಣಿಸಿರಲಿಲ್ಲ.

ತೊಂಬತ್ತೈದನೇ ಇಸವಿಯ ಒಂದು ಭಾನುವಾರ, ಕೊಡೆ ರಿಪೇರಿಗೆಂದು ಶಿವಮೊಗ್ಗಕ್ಕೆ ಹೋದವನು ಊಟದ ಹೊತ್ತಾದರೂ ಬರಲಿಲ್ಲ. ಅಮ್ಮ ಇಂಪನಾಳನ್ನು ಹುಡುಕಲು ಅಟ್ಟಿದಳು. ಅವನು ಸಿಕ್ಕಿದ್ದು ರೇಸ್ ಮೈದಾನದ ಹಗ್ಗದ ಹಿಂದೆ. ಮೈತುಂಬ ಕೆಂಪು ಧೂಳು, ಕಾಲಲ್ಲಿ ಚಪ್ಪಲಿಯಿಲ್ಲ.

"ಅಪ್ಪಾ, ಚಪ್ಪಲಿ ಎಲ್ಲಿ?" ಅವಳು ಕೈಸನ್ನೆ ಮಾಡಿ ಕೇಳಿದಳು.

"ಎಲ್ಲೋ ಬಿಟ್ಟೆ. ಚಪ್ಪಲಿ ಇದ್ರೆ ಕೇಳ್ಸಲ್ಲ ಕಣೇ." ಅಂಗಾಲು ತೋರಿಸಿದ. "ಗಾಡಿ ಹತ್ರ ಬಂದ್ರೆ ನೆಲ ಗುಂಯ್ ಅನ್ನತ್ತೆ. ಅಗೋ, ನಿನ್ ತಮ್ಮ ರೆಡಿ ಮಾಡಿರೋದು ಬರ್ತಿದೆ. ನೀನೂ ಚಪ್ಪಲಿ ಬಿಡು, ಗೊತ್ತಾಗತ್ತೆ."

ಸುತ್ತಲಿನ ಜನ ನೋಡುತ್ತಿದ್ದರು. ಇಂಪನಾ ನಾಚಿಕೊಂಡು, "ಬನ್ನಿ ಅಪ್ಪಾ, ಅಮ್ಮ ಬೈತಾರೆ" ಎಂದು ಅವನ ತೋಳು ಹಿಡಿದು ಎಳೆದಳು. ಚಪ್ಪಲಿ ಕೊನೆಗೂ ಸಿಗಲಿಲ್ಲ. ಆಮೇಲೂ ಅವನು ರೇಸಿಗೆ ಹೋಗುತ್ತಲೇ ಇದ್ದ, ಮಣ್ಣು ಮೆತ್ತಿದ ಕಾಲಲ್ಲೇ ಬರುತ್ತಿದ್ದ. ಚಿನ್ನಮ್ಮ ನೆಲ ಒರೆಸುತ್ತ ಬೈಯುತ್ತಿದ್ದಳು, ಅವನಿಗೆ ಅದೂ ಕೇಳಿಸುತ್ತಿರಲಿಲ್ಲ.

*

ಚಟ್ಟ ಹೆಗಲಿಗೇರಲು ಸಿದ್ಧವಾಗಿತ್ತು. ಪ್ರಕಾಶ್ ಒದ್ದೆ ಪಂಚೆಯಲ್ಲಿ ಅಂಗಳಕ್ಕೆ ಬಂದ. ಸುಬ್ಬಪ್ಪ ಮೂರು ಕೋಲಿನ ನೆಲುವಿನಲ್ಲಿ ತೂಗುತ್ತಿದ್ದ ಮಡಕೆಯನ್ನು ಅವನತ್ತ ಚಾಚಿದ. "ಹಿಡ್ಕೋ ಮಾರಾಯ. ಎಲ್ರೂ ನೋಡ್ಲಿ. ನಾಳೆನೇ ಆಫೀಸಿಗೆ ನಿನ್ ಹೆಸರು ಹೇಳ್ತೀನಿ."

"ಬೇಡ!" ಇಂಪನಾ ನಡುವೆ ನುಗ್ಗಿದಳು. "ಅವನ ಕೈ ತುಂಬ ಸೀಮೆಎಣ್ಣೆ. ಕಿಡಿ ಬಿದ್ರೆ ಹೊತ್ಕೊಳ್ಳತ್ತೆ."

"ತೊಳ್ಕೊಂಡು ಬರ್ಲಿ."

"ಹೋಗಲ್ಲ ಅದು. ಇಲ್ಲಿ ಕೊಡಿ, ನಾನು ಹಿಡೀತೀನಿ."

ಸುಬ್ಬಪ್ಪನ ಮುಖ ಕೆಂಪೇರಿತು. "ತಲೆಗಿಲೆ ಕೆಟ್ಟಿದ್ಯಾ? ಹೆಣ್ಮಗಳು ಮಸಣಕ್ಕೆ ಬರೋದುಂಟಾ? ನಾಳೆ ಮದುವೆಯಾಗಿ ಹೋಗೋಳಿಗೆ ಕೆಲಸ ಯಾಕೆ?"

"ಹೋದಾಗ ನೋಡೋಣ ಚಿಕ್ಕಪ್ಪ. ಟೈಪಿಂಗ್ ಪಾಸು ಮಾಡಿ ಎಷ್ಟು ವರ್ಷದಿಂದ ಕೂತಿದೀನಿ, ನಿಮಗೇ ಗೊತ್ತು. ಅವನಿಗೋಸ್ಕರ ಅಲ್ಲ. ನನಗೂ ಕೆಲಸ ಬೇಕು."

"ಅಕ್ಕಾ..." ಪ್ರಕಾಶ್ ಅವಳತ್ತ ಒಂದು ಹೆಜ್ಜೆ ಇಟ್ಟ.

ಸುಬ್ಬಪ್ಪ ಮಡಕೆ ಬಿಡಲಿಲ್ಲ. ಕೆಂಡ ಚಟಪಟ ಅನ್ನುತ್ತಿತ್ತು. ಹೆಗಲು ಕೊಡಲು ಬಗ್ಗಿದವರು ಬಗ್ಗಿದಂತೆಯೇ ನಿಂತಿದ್ದರು. ಆಗ ಗೋಡೆಗೊರಗಿ ಕೂತಿದ್ದ ಚಿನ್ನಮ್ಮ ಬೆಳಗಿನಿಂದ ಮೊದಲ ಸಲ ಬಾಯಿಬಿಟ್ಟಳು.

"ಕೊಡು ಸುಬ್ಬಣ್ಣ. ಅವರನ್ನ ಹುಡ್ಕಕ್ಕೆ ಯಾವತ್ತೂ ಅವಳೇ ಹೋಗಿದ್ದು. ಇವತ್ತು ಬಿಟ್ಟು ಬರೋಕೂ ಅವಳೇ ಹೋಗ್ಲಿ."

ಮೈದುನನ ಕೈ ತಾನಾಗಿ ಸಡಿಲಾಯಿತು. ಇಂಪನಾ ಮಡಕೆ ಹಿಡಿದು ಮುಂದೆ ನಡೆದಳು. ಹಿಂದೆ ಪ್ರಕಾಶ್ ಅಪ್ಪನಿಗೆ ಹೆಗಲು ಕೊಟ್ಟ. ಕ್ವಾರ್ಟರ್ಸಿನ ಬಾಗಿಲು ಬಾಗಿಲಿನಲ್ಲೂ ಜನ ನಿಂತು ನೋಡಿದರು. ಅವಳಿಗೆ ಹೆದರಿಕೆಯಾಗುತ್ತಿತ್ತು, ಆದರೆ ತಲೆ ತಗ್ಗಿಸಲಿಲ್ಲ.

*

ಸಂಜೆ, ಸ್ನಾನ ಮುಗಿಸಿ ಎಲ್ಲರೂ ದೀಪಕ್ಕೆ ಕೈಮುಗಿದ ಮೇಲೆ ಪ್ರಕಾಶ್ ಹೆಗಲಿಗೆ ಚೀಲ ಹಾಕಿದ. ಅಮ್ಮನ ಕಾಲು ಮುಟ್ಟಿ, ಅಕ್ಕನ ಮುಖ ನೋಡಲಾಗದೆ ಹೊರಗೆ ಬಂದ.

"ತಿಥಿಗೆ ರಜ ಕೇಳ್ತೀನಿ," ಎಂದ.

"ಮೊದಲು ಕೆಲಸ ಗಟ್ಟಿ ಮಾಡ್ಕೋ. ಹೋಗಿ ಬಾ."

ಅವನು ತಾನೇ ಕಟ್ಟಿದ ಹಳೆಯ ಬೈಕಿಗೆ ಕಿಕ್ ಹೊಡೆದ. ಮೊದಲ ಸಲಕ್ಕೇ ಸ್ಟಾರ್ಟಾಯಿತು. ಗಾಡಿ ಗೇಟು ದಾಟುತ್ತಿದ್ದಂತೆ ಇಂಪನಾ ಹವಾಯಿ ಚಪ್ಪಲಿಗಳನ್ನು ಮೆಟ್ಟಿಲ ಮೇಲೆ ಬಿಟ್ಟು ಅಂಗಳದ ಮಣ್ಣಿಗಿಳಿದು ನಿಂತಳು.

"ಚಪ್ಪಲಿ ಹಾಕ್ಕೊಳ್ಳೇ, ಶೀತ," ಎಂದಳು ಬಾಗಿಲಲ್ಲಿ ನಿಂತಿದ್ದ ಚಿನ್ನಮ್ಮ. ಮಗಳು ಅಲುಗಲಿಲ್ಲ. ಚಿನ್ನಮ್ಮ ಅವಳ ಕಾಲನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗೋಡೆ ಹಿಡಿದುಕೊಂಡು ತಾನೂ ಬರಿಗಾಲಲ್ಲಿ ಇಳಿದು ಬಂದು ಪಕ್ಕದಲ್ಲಿ ನಿಂತಳು.

"ಹೋದ್ನಾ?"

"ಇನ್ನೂ ಇಲ್ಲಮ್ಮ. ತಿರುವಿನ ಹತ್ರ ಇದಾನೆ."

ಸದ್ದು ಕಿವಿಯಿಂದ ಮರೆಯಾದ ಮೇಲೂ ಇಬ್ಬರೂ ನೆಲದಿಂದ ಕಾಲೆತ್ತಲಿಲ್ಲ.