ಬಾಗಿಲಿಗೆ ಅಡ್ಡ ಮಲಗಿದ ಯಜಮಾನರು

ಆಸ್ಪತ್ರೆ ಎಂದರೆ ರೋಗಿ ಮಲಗುವ ಜಾಗ ಎಂದು ತಿಳಿದವರು ನಮ್ಮ ಕಡೆಯ ಆಸ್ಪತ್ರೆಗೆ ಒಂದು ಸಂತೆಯ ದಿನ ಬಂದು ಕೂತು ನೋಡಬೇಕು. ನಾನು ಅಂಥ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ಕಾಂಪೌಂಡರ್ ಆಗಿದ್ದೆ. ಯಾವ ಊರಿನದು ಎಂದು ಹೇಳುವುದಿಲ್ಲ, ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಬಸ್ಸು ಹೋಗುವ ದಾರಿಯಲ್ಲಿತ್ತು ಎಂದರೆ ಸಾಕು. ಆ ಹನ್ನೊಂದು ವರ್ಷದಲ್ಲಿ ನಾನು ಔಷಧಿ ಕಲಸಿದ್ದಕ್ಕಿಂತ ಜನರನ್ನು ಹೊರಗೆ ಕಳಿಸಲು ಗಂಟಲು ಹರಿದುಕೊಂಡದ್ದೇ ಹೆಚ್ಚು.

ನಮ್ಮ ಜನರ ಕ್ರಮ ನಿಮಗೆ ಗೊತ್ತೇ ಇದೆ. ಯಾರಾದರೂ ಕಾಯಿಲೆ ಬಿದ್ದರೆ ನೋಡಿಕೊಂಡು ಬರಲೇಬೇಕು. ಬಾರದೆ ಹೋದರೆ ಆ ಮಾತು ಮುಂದಿನ ಮದುವೆಯ ಪಂಕ್ತಿಯವರೆಗೂ ಉಳಿಯುತ್ತದೆ. ಬಂದವರು ಸುಮ್ಮನೆ ನೋಡಿ ಹೋಗುತ್ತಾರೆಯೇ? ಏನಾಯಿತು, ಯಾವಾಗ ಆಯಿತು, ಮೊದಲು ಯಾವ ಕಡೆ ನೋವು ಬಂತು, ಎಲ್ಲವನ್ನೂ ರೋಗಿಯ ಬಾಯಿಂದಲೇ ಕೇಳಬೇಕು. ಅದು ಮುಗಿಯುವಷ್ಟರಲ್ಲಿ ಇನ್ನೊಂದು ತಂಡ ಬರುತ್ತದೆ, ಅವರಿಗೂ ಮೊದಲಿನಿಂದ ಹೇಳಬೇಕು. ಒಳಗೆ ಹೋಗಬಾರದು ಎಂದು ಬೋರ್ಡು ಬರೆಸಿ ಹಾಕಿದ್ದೆ. ಮಾರನೆಯ ದಿನ ಯಾರೋ ಅದರ ಮೊಳೆಗೆ ಬುತ್ತಿಯ ಗಂಟನ್ನು ನೇತುಹಾಕಿದ್ದರು.

ಇಂಥ ಜನರ ನಡುವೆ ಒಬ್ಬ ರೋಗಿಗೆ ವಿಶ್ರಾಂತಿ ಕೊಡಿಸಿದ ಒಬ್ಬರೇ ಒಬ್ಬರನ್ನು ನಾನು ಕಂಡಿದ್ದೇನೆ. ಡಾಕ್ಟರಲ್ಲ, ನಾನಂತೂ ಅಲ್ಲವೇ ಅಲ್ಲ. ಹಾರನಹಳ್ಳಿ ಹೋಬಳಿಯ ಒಂದು ಹಳ್ಳಿಯ ಯಜಮಾನರು, ಪುಟ್ಟಮಲ್ಲಪ್ಪ ಎಂದು ಹೆಸರು.

ಐವತ್ತನಾಲ್ಕನೆಯ ಇಸವಿಯ ಆಷಾಢ. ಹುಲ್ಲು ಹಾಸಿದ ಗಾಡಿಯಲ್ಲಿ ತಮ್ಮ ಸೊಸೆ ಮಂಗಳಮ್ಮನನ್ನು ಮಲಗಿಸಿಕೊಂಡು ಬಂದರು. ಏಳು ತಿಂಗಳ ಬಸುರಿ, ರಕ್ತ ಹೋಗುತ್ತಿತ್ತು. ಹಿಂದೆ ಎರಡು ಸಲ ಏಳನೆಯ ತಿಂಗಳಲ್ಲೇ ಕಳೆದುಕೊಂಡಿದ್ದಳು. ಅತ್ತೆ ತೀರಿಕೊಂಡಿದ್ದರು, ತವರಿನಲ್ಲೂ ಯಾರೂ ಇರಲಿಲ್ಲ. ಗಂಡ ಕಂಠಪ್ಪ ರಾಗಿ ಬಿತ್ತನೆ ಬಿಡುವಂತಿರಲಿಲ್ಲ. ಹೀಗಾಗಿ ಜೊತೆಗೆ ನಿಂತವರು ಮಾವನೇ.

ಡಾಕ್ಟರ್ ಸುನಂದಮ್ಮ ಹಜಾರದ ಕೊನೆಯ ಒಂಟಿ ಕೋಣೆಯಲ್ಲಿ ಅವಳನ್ನು ಮಲಗಿಸಿದರು. ಕಬ್ಬಿಣದ ಮಂಚದ ಕಾಲಿನ ಕಡೆಗೆ ಎರಡೆರಡು ಇಟ್ಟಿಗೆ ಕೊಟ್ಟು ಎತ್ತರ ಮಾಡಿಸಿದರು.

"ಯಜಮಾನ್ರೇ, ಚೆನ್ನಾಗಿ ಕೇಳಿಸ್ಕೊಳ್ಳಿ. ಇನ್ನು ಐದು ವಾರ ಮಗು ಒಳಗೇ ಉಳಿದ್ರೆ ನಮ್ಮ ಕೈಗೆ ಸಿಗುತ್ತೆ. ಅಲ್ಲೀವರೆಗೆ ಇವಳು ಏಳಬಾರದು, ಕೂರಬಾರದು. ನಿಲ್ಲೋದಂತೂ ಇಲ್ಲವೇ ಇಲ್ಲ. ಔಷಧಿಗಿಂತ ಅದೇ ಮುಖ್ಯ."

"ಆಗ್ಲಿ ತಾಯಿ. ಅದೇನ್ ದೊಡ್ ಕೆಲ್ಸ ಬುಡಿ," ಎಂದರು ಪುಟ್ಟಮಲ್ಲಪ್ಪ.

ದೊಡ್ಡ ಕೆಲಸ ಹೌದೋ ಅಲ್ಲವೋ ಎಂಬುದು ಮಾರನೆಯ ದಿನದಿಂದ ಗೊತ್ತಾಯಿತು. ಯಜಮಾನರ ಸೊಸೆ ಎಂದರೆ ಕೇಳಬೇಕೆ? ಅವರ ಹಳ್ಳಿ, ಅಕ್ಕಪಕ್ಕದ ಮೂರು ಹಳ್ಳಿ, ಕೃಷ್ಣರಾಜನಗರದ ಬೀಗರು, ಎಲ್ಲರೂ ಬಂದರು. ಬಾಳೆಹಣ್ಣು, ಎಳನೀರು, ಹುರಿಹಿಟ್ಟು ಬಂತು. ಯಜಮಾನರು ಊರಿನ ಎಲ್ಲರ ಕಾಯಿಲೆಗೂ ಹೋಗಿ ನೋಡಿಕೊಂಡು ಬಂದವರು. ಈಗ ತಮ್ಮ ಮನೆಯವಳನ್ನು ನೋಡಲು ಬಂದವರನ್ನು ಬಾಗಿಲಿನಿಂದ ತಿರುಗಿಸುವುದು ಅವರ ಬಾಯಲ್ಲಿ ಬರುವ ಮಾತೇ ಅಲ್ಲ. ನಾನು ಗದರಿದರೆ ಬಂದವರು, "ಒಂದ್ ಗಳ್ಗೆ ಸ್ವಾಮಿ, ಮಕ ನೋಡ್ಕಂಡ್ ಬಂದ್ಬುಡ್ತೀವಿ," ಎಂದು ನನ್ನ ಕಂಕುಳ ಸಂದಿಯಲ್ಲೇ ನುಗ್ಗಿ ಹೋಗುತ್ತಿದ್ದರು.

ಬಂದವರಲ್ಲಿ ಹಿರಿಯರು ಕಂಡರೆ ಮಂಗಳಮ್ಮ ಏಳುತ್ತಿದ್ದಳು. ಮಾವನ ಮನೆಯ ಹಿರಿಯರ ಮುಂದೆ ಸೊಸೆ ಮಂಚದ ಮೇಲೆ ಮಲಗಿರುವುದುಂಟೆ? ಹನ್ನೆರಡನೆಯ ವಯಸ್ಸಿನಿಂದ ಆ ಮನೆಯಲ್ಲಿ ಬೆಳೆದವಳು. ಬೇಡವೆಂದರೂ ಮೈ ತಾನಾಗಿ ಎದ್ದುಬಿಡುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಮತ್ತೆ ರಕ್ತ ಕಂಡಿತು. ಸುನಂದಮ್ಮನವರು ನನ್ನ ಮೇಲೆ ಹರಿಹಾಯ್ದರು. "ಇನ್ನೊಂದು ಸಲ ಹೀಗಾದ್ರೆ ಮಗು ನಮಗಿಲ್ಲ," ಎಂದರು. ನಾನು ಹೊರಗಿನ ಕಂಬದ ಹತ್ತಿರ ನಿಂತು, ಯಾರು ಇವಳನ್ನು ಎಬ್ಬಿಸುತ್ತಿದ್ದಾರೆ, ಇವತ್ತು ಕಂಡುಹಿಡಿದೇ ತೀರುತ್ತೇನೆ ಎಂದು ಕಾದೆ.

ಪುಟ್ಟಮಲ್ಲಪ್ಪ ಬಂದರು. ಹಳ್ಳಿಯ ಹಿರಿಯರಿಗೆ ಒಂದು ಪದ್ಧತಿ. ಹೆಂಗಸರಿರುವ ಕೋಣೆಗೆ ಕಾಲಿಡುವ ಮುಂಚೆ ಹೊಸ್ತಿಲಲ್ಲಿ ನಿಂತು ಒಮ್ಮೆ ಕೆಮ್ಮುತ್ತಾರೆ. ಒಳಗಿನವರು ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲಲಿ ಎಂದು. ಅವರು ಕೆಮ್ಮಿದರು. ಒಳಗೆ ಮಂಚ ಕಿರ್ ಎಂದಿತು.

"ಎಂಗಿದ್ದೀಯವ್ವ? ಏಳ್ಬ್ಯಾಡ, ಮಲಕ್ಕೊ."

"ಇರ್ಲಿ ಬುಡಿ ಮಾವಯ್ಯ. ಸುಮ್ಕೆ ನಿಂತಿವ್ನಿ," ಎಂದಳು ಆ ಹುಡುಗಿ, ಗೋಡೆ ಹಿಡಿದುಕೊಂಡು.

ನನ್ನ ಕೋಪ ನೆತ್ತಿಗೇರಿತು. ಅವರು ಹೊರಗೆ ಬಂದ ಕೂಡಲೇ, ವಯಸ್ಸನ್ನೂ ನೋಡದೆ ಹೇಳಿಬಿಟ್ಟೆ. "ಯಜಮಾನ್ರೇ, ದಿನಕ್ಕೆ ಎಷ್ಟು ಸಲ ಬಂದು ಕೆಮ್ಮುತ್ತೀರಿ? ಹತ್ತು? ಹದಿನೈದು? ಹದಿನೈದು ಸಲವೂ ಅವಳು ಎದ್ದು ನಿಲ್ತಾಳೆ. ಊರವರನ್ನ ಯಾಕೆ ಬೈಬೇಕು, ಎಬ್ಬಿಸ್ತಿರೋರು ನೀವೇ."

ಅವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದರು. ನನಗೆ ಆಮೇಲೆ ನಾಚಿಕೆಯಾಯಿತು. ಆದರೆ ಆಡಿದ ಮಾತು ಆಡಿಯಾಗಿತ್ತು.

ಮಾರನೆಯ ಬೆಳಿಗ್ಗೆ ನಾನು ಬಂದು ನೋಡಿದರೆ, ಆ ಕೋಣೆಯ ಹೊಸ್ತಿಲಿಗೆ ಅಡ್ಡವಾಗಿ ಕಂಬಳಿ ಹಾಸಿಕೊಂಡು, ಬೆನ್ನು ಒಳಗೆ ಮುಖ ಹೊರಗೆ ಮಾಡಿ ಪುಟ್ಟಮಲ್ಲಪ್ಪ ಮಲಗಿದ್ದರು. ಕಣ್ಣು ಮುಚ್ಚಿತ್ತು. ಬಗ್ಗಿ ಮೂಗಿನ ಹತ್ತಿರ ಕೈ ಹಿಡಿದೆ.

"ಬದುಕಿವ್ನಿ ಕಣ್ರೀ ಕಾಂಪೌಂಡ್ರೇ," ಎಂದರು ಕಣ್ಣು ತೆರೆಯದೆ.

"ಇದೇನು ಯಜಮಾನ್ರೇ?"

"ಮಲಗಿರೋರ್ಗೆ ಯಾರೂ ಎದ್ ನಿಲ್ಲಾಕಿಲ್ಲ. ಮಲಗಿರೋ ಹಿರೀಕನ್ನ ಯಾರೂ ದಾಟಾಕಿಲ್ಲ. ಇನ್ನೇನ್ ಬೇಕು?"

ಡಾಕ್ಟರ ಅಪ್ಪಣೆ, ನನ್ನ ಬೋರ್ಡು, ನನ್ನ ಗಂಟಲು, ಮೂರೂ ಸೇರಿ ಆಗದ ಕೆಲಸವನ್ನು ಈ ಮನುಷ್ಯ ಒಂದು ಕಂಬಳಿಯಲ್ಲಿ ಮಾಡಿದ್ದರು. ಸೊಸೆಯನ್ನು ಕಟ್ಟಿಹಾಕಿದ್ದ ಪದ್ಧತಿಯಿಂದಲೇ ಸೊಸೆಯನ್ನು ಬಿಡಿಸಿದ್ದರು. ಇಷ್ಟು ಬುದ್ಧಿ ನನಗೆ ಏಳು ಜನ್ಮಕ್ಕೂ ಬರುತ್ತಿರಲಿಲ್ಲ.

ಮಲಗುವುದು ಸುಲಭ ಎಂದುಕೊಳ್ಳಬೇಡಿ. ಅವರ ಊರಿನವರೇ ಹೇಳಿದ್ದು: ಹಗಲು ಹೊತ್ತು ಜಗಲಿಯ ಮೇಲೆ ಮಲಗಿದವರನ್ನು ಈ ಯಜಮಾನರು ಕೋಲಿನಿಂದ ತಿವಿದು ಎಬ್ಬಿಸುತ್ತಿದ್ದರಂತೆ. ಅರವತ್ತೆರಡು ವರ್ಷ ಹಗಲಿನಲ್ಲಿ ಬೆನ್ನು ನೆಲಕ್ಕೆ ತಾಗಿಸದ ಮನುಷ್ಯ. ಈಗ ಬೆಳಿಗ್ಗೆ ಏಳರಿಂದ ದೀಪ ಹಚ್ಚುವ ಹೊತ್ತಿನವರೆಗೆ, ಹಾದುಹೋಗುವ ಜನರೆಲ್ಲ ನೋಡುವಂತೆ, ಆಸ್ಪತ್ರೆಯ ನೆಲದ ಮೇಲೆ. ನೋಡಲು ಬಂದವರು ಎರಡು ಮಾರು ದೂರದಲ್ಲೇ ನಿಲ್ಲುತ್ತಿದ್ದರು. ಪಿಸುಗುಟ್ಟುತ್ತಿದ್ದರು. ತಂದ ಹಣ್ಣನ್ನು ಕಂಬದ ಬುಡದಲ್ಲಿಟ್ಟು ಹೋಗುತ್ತಿದ್ದರು. ಕೆಲವರು ನಕ್ಕರು. ವೀರಮ್ಮ ಎಂಬ ಅವರ ತಂಗಿ, "ಅಣ್ಣಯ್ಯಂಗೆ ಏನೋ ಬಡ್ಕಂಡೈತೆ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ತಲೆಯ ಹತ್ತಿರ ಎರಡು ಊದುಕಡ್ಡಿ ಹಚ್ಚಲು ಹೊರಟಿದ್ದಳು. ನಾನೇ ತಡೆದೆ.

ಡಾಕ್ಟರಮ್ಮ ಬಂದರೆ ಯಜಮಾನರು ಎದ್ದು ದಾರಿ ಬಿಡುತ್ತಿದ್ದರು. ಆಯಾ ಕೆಂಪಾಜಮ್ಮ ಬಂದು ಪೊರಕೆಯ ಹಿಡಿಯಿಂದ ನೆಲ ತಟ್ಟಿದರೆ ಕಾಲು ಮಡಿಸಿಕೊಳ್ಳುತ್ತಿದ್ದರು. ಒಳಗೆ ಮಂಗಳಮ್ಮ ಮೊದಲ ದಿನ ಅತ್ತಳಂತೆ, ಮಾವಯ್ಯ ನೆಲದ ಮೇಲೆ, ನಾನು ಮಂಚದ ಮೇಲೆ ಎಂದು. ಎರಡನೆಯ ದಿನ ನಿದ್ದೆ ಮಾಡಿದಳು. ಕೆಂಪಾಜಮ್ಮ ಓಡಿ ಬಂದು ಆ ಸುದ್ದಿ ಹೇಳಿದಾಗ ಯಜಮಾನರ ಮುಚ್ಚಿದ ಕಣ್ಣಿನ ಪಕ್ಕ ನಗುವಿನ ಸುಕ್ಕು ಕಂಡಿತು. ರಕ್ತ ನಿಂತಿತು.

ನಿಜವಾದ ಪರೀಕ್ಷೆ ಬಂದದ್ದು ಹತ್ತನೆಯ ದಿನ, ಸಂತೆಯ ದಿನ. ಆ ದಿನ ಬಸ್ಸಿನಿಂದ ಇಳಿದವರಲ್ಲಿ ಮಹದೇವಪ್ಪನವರಿದ್ದರು. ಪುಟ್ಟಮಲ್ಲಪ್ಪನವರ ಅಣ್ಣ. ಎಪ್ಪತ್ತು ದಾಟಿದ ಮುದುಕರು, ಅಂತರಸಂತೆಯಲ್ಲಿ ಮಗಳ ಮನೆಯಲ್ಲಿದ್ದವರು, ಸುದ್ದಿ ಕೇಳಿ ಅಷ್ಟು ದೂರದಿಂದ ಬಂದಿದ್ದರು. ತಂದೆ ಸತ್ತ ಮೇಲೆ ತಮ್ಮನನ್ನು ಸಾಕಿದವರು ಅವರೇ ಎಂದೂ, ಅಣ್ಣನ ಮುಂದೆ ಪುಟ್ಟಮಲ್ಲಪ್ಪ ಇವತ್ತಿನವರೆಗೂ ಕೂತು ಮಾತಾಡಿದವರಲ್ಲ ಎಂದೂ ಆಮೇಲೆ ತಿಳಿಯಿತು.

ಮುದುಕರು ಹಜಾರಕ್ಕೆ ಬಂದು ನಿಂತರು. ತಮ್ಮನನ್ನು ನೋಡಿದರು. ಕೋಲಿನಿಂದ ನೆಲ ಕುಟ್ಟಿದರು.

"ಲೇ ಪುಟ್ಟ."

ಯಜಮಾನರು ಅಲುಗಲಿಲ್ಲ. ಆದರೆ ಕಂಬಳಿಯ ಅಂಚನ್ನು ಅವರ ಬೆರಳು ಬಿಗಿಯಾಗಿ ಹಿಡಿಯಿತು.

"ನಾನ್ ಕಣ್ಲಾ ಬಂದಿರೋದು. ನಿನ್ ಅಣ್ಣ. ನನ್ ಮುಂದೆ ಮಲಗೋಷ್ಟು ದೊಡ್ಡೋನಾಗ್ಬುಟ್ಯಾ?"

ನಾನು ಹೋಗಿ ವಿವರಿಸೋಣವೆಂದು ಹೊರಟೆ. ಅಷ್ಟರಲ್ಲಿ ಒಳಗೆ ಮಂಚ ಕಿರ್ ಎಂದಿತು. ದೊಡ್ಡ ಮಾವನ ದನಿ ಮಂಗಳಮ್ಮನಿಗೆ ಕೇಳಿಸಿತ್ತು. ಅವಳು ಏಳುತ್ತಿದ್ದಳು.

ಪುಟ್ಟಮಲ್ಲಪ್ಪ ಕಣ್ಣು ಮುಚ್ಚಿಕೊಂಡೇ, ಇಡೀ ಹಜಾರಕ್ಕೆ ಕೇಳುವಂತೆ ಹೇಳಿದರು.

"ಏಳ್ಬ್ಯಾಡ ಕಣವ್ವ. ನಾನೇ ಎದ್ದಿಲ್ಲ."

ಅವರ ಮುಚ್ಚಿದ ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆಗೆ ಹರಿಯಿತು. ಮಂಚ ಮತ್ತೆ ಕಿರ್ ಎಂದು ಸುಮ್ಮನಾಯಿತು.

ಮಹದೇವಪ್ಪನವರು ತಮ್ಮನ ಮುಖವನ್ನು ನೋಡಿದರು. ಬಾಗಿಲಿನ ಆಚೆ ಇಟ್ಟಿಗೆಯ ಮೇಲೆ ನಿಂತ ಮಂಚದ ಕಾಲನ್ನು ನೋಡಿದರು. ಹಳೆಯ ಮನುಷ್ಯ, ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿದರು. ಮಂಡಿ ಹಿಡಿದುಕೊಂಡು ಮೆಲ್ಲಗೆ ತಮ್ಮನ ತಲೆಯ ಹತ್ತಿರ ನೆಲದ ಮೇಲೆ ಕೂತರು. ಹೆಗಲ ವಸ್ತ್ರ ತೆಗೆದು ತಮ್ಮನ ಮುಖದ ಮೇಲಿನ ನೊಣ ಅಟ್ಟತೊಡಗಿದರು. ಸಂತೆಯಿಂದ ಇನ್ನೊಂದು ತಂಡ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಅವರು ಕೈಯೆತ್ತಿ, "ಸದ್ ಮಾಡ್ಬ್ಯಾಡ್ರಪ್ಪಾ. ಮಲಗವ್ರೆ," ಎಂದರು.

ಆಮೇಲೆ ಯಾರೂ ನಗಲಿಲ್ಲ. ಮಹದೇವಪ್ಪನವರೇ ಊರಿನಲ್ಲಿ ಹೇಳಿರಬೇಕು, ಜನ ಬರುವುದೇ ಕಡಿಮೆಯಾಯಿತು. ಆದರೂ ಪುಟ್ಟಮಲ್ಲಪ್ಪ ಒಂದು ದಿನವೂ ಕಂಬಳಿ ಮಡಿಸಲಿಲ್ಲ. ಮೂವತ್ತೆಂಟು ದಿನ. ಬೆನ್ನಿನ ಚರ್ಮ ಕೆಂಪಾಗಿ ಸುಲಿದಿತ್ತು. ನಾನು ಮುಲಾಮು ಹಚ್ಚುವಾಗ, "ಇಷ್ಟ್ ದಿನ ಮಲಗಿದ್ರೂ ಒಂದ್ ದಿನಾನೂ ನಿದ್ದೆ ಬರ್ಲಿಲ್ಲ ನೋಡಿ, ಇಂಥಾ ಸೋಮಾರಿತನ ನನ್ನ ವೈರಿಗೂ ಬ್ಯಾಡ," ಎಂದು ನಕ್ಕಿದ್ದರು. ಆ ಬೆನ್ನಿಗೆ ಕೈ ಮುಗಿಯಬೇಕು ಎನಿಸಿತ್ತು ನನಗೆ. ಮಲಗಿದವರಿಗೆ ಕೈ ಮುಗಿಯಬಾರದು ಎಂದು ಸುಮ್ಮನಾದೆ.

ಮೂವತ್ತೊಂಬತ್ತನೆಯ ದಿನ ಬೆಳಿಗ್ಗೆ ಹೆಣ್ಣು ಮಗು ಹುಟ್ಟಿತು. ಗಂಟಲು ನನ್ನದಕ್ಕಿಂತ ಜೋರು. ಕೆಂಪಾಜಮ್ಮ ಬಂದು, "ನಿಮ್ ಮೊಮ್ಮಗಳ್ನ ನೋಡ್ಬನ್ನಿ ಯಜಮಾನ್ರೇ," ಎಂದಾಗ ಅವರು ಬಾವಿಯ ಹತ್ತಿರ ಹೋಗಿ ಕಾಲು ತೊಳೆದು, ವಿಭೂತಿ ಧರಿಸಿ, ರುಮಾಲು ಸುತ್ತಿಕೊಂಡು ಬಂದರು. ಹೊಸ್ತಿಲಲ್ಲಿ ನಿಂತರು. ಇಷ್ಟು ದಿನ ಬಿಟ್ಟಿದ್ದ ಹಳೆಯ ಅಭ್ಯಾಸ, ಒಮ್ಮೆ ಕೆಮ್ಮಿಬಿಟ್ಟರು.

ಕೆಮ್ಮಿದವರೇ ಗಾಬರಿಯಾಗಿ ಬಾಯಿಗೆ ಕೈ ಅಡ್ಡ ಹಿಡಿದರು. ನಾನೂ ಕಿವಿಗೊಟ್ಟೆ. ಮಂಚ ಸದ್ದು ಮಾಡಲಿಲ್ಲ.

"ಬನ್ನಿ ಮಾವಯ್ಯ, ಇಲ್ಲೇ ಮಲಗವ್ಳೆ ನೋಡಿ," ಎಂದಳು ಮಂಗಳಮ್ಮ, ಮಲಗಿದಲ್ಲಿಂದಲೇ.

ಪುಟ್ಟಮಲ್ಲಪ್ಪ ನನ್ನ ಕಡೆ ತಿರುಗಿದರು. ಇಬ್ಬರಿಗೂ ಕಣ್ಣು ತುಂಬಿತ್ತು. ನನ್ನ ತೋಳು ಹಿಡಿದುಕೊಂಡು ಮೆಲ್ಲಗೆ ಹೇಳಿದರು.

"ಎದ್ದಿಲ್ಲ ಕಣ್ರೀ ಕಾಂಪೌಂಡ್ರೇ. ಎದ್ದಿಲ್ಲ."