ಹೊದಿಕೆ ಹೆಕ್ಕುವ ಬೆರಳು

ನೂರು ವರ್ಷದ ಹಿಂದಿನ ಆ ನಾಟಕಗಳನ್ನು ಬರೆದವನು ನಾಟಕ ಕಂಪನಿಯ ನಟನಲ್ಲ, ಅವನ ಹೆಸರಿನ ಹಿಂದೆ ಅಡಗಿದ ಯಾರೋ ವೈದ್ಯ ಎಂದು ಸಾಧಿಸಲು ಡಾಕ್ಟರು ನಿವೃತ್ತಿಯ ಹನ್ನೆರಡು ವರ್ಷ ಸವೆಸಿದ್ದರು. ಸಾಯುವ ರಾಜನ ಬೆರಳು ಹೊದಿಕೆ ಹೆಕ್ಕುವುದು, ಮೂಗಿನ ತುದಿ ತಣ್ಣಗಾಗುವುದು, ಉಸಿರು ನಿಂತು ನಿಂತು ಬರುವುದು, ಇವೆಲ್ಲ ಮುಖಕ್ಕೆ ಬಣ್ಣ ಬಳಿದುಕೊಳ್ಳುವವನಿಗೆ ಎಲ್ಲಿಂದ ಗೊತ್ತಾಗಬೇಕು? ನಾನೂರು ಪುಟದ ಪುಸ್ತಕ ನಾಳೆ ಅಚ್ಚಿಗೆ. "ಬದುಕಿರೋ ರೋಗಿಗಳನ್ನ ಇಷ್ಟು ಗಮನಿಸಿದ್ರೆ ನಿಮ್ಮ ಕೈಗುಣ ಎಲ್ಲೋ ಹೋಗ್ತಿತ್ತು" ಎಂದಿದ್ದರು ಹೆಂಡತಿ.

ಮುಖಪುಟಕ್ಕೊಂದು ಫೋಟೋ ಬೇಕೆಂದು ಕಂಪನಿಯ ಹಳೆಯ ಕೈಬರಹದ ಪ್ರತಿ ಇದ್ದ ಮನೆಗೆ ಹೋದರು. ನಾಟಕಗಳು ಅಚ್ಚಾದದ್ದು ಅದರಿಂದಲೇ. ಅಚ್ಚಿನ ಪುಸ್ತಕ ಕೈಯಲ್ಲಿರುವಾಗ ಇದರ ಗೋಜಿಗೆ ಅವರು ಹೋಗಿರಲಿಲ್ಲ.

ಬಾಗಿಲು ತೆರೆದ ಮುದುಕಿ ನೆಟ್ಟಗೆ ನೋಡಿದಳು. "ಅಯ್ಯೋ ಡಾಕ್ಟ್ರೇ! ತಲೆಗೂದಲು ಎಲ್ಲಿ ಬಿಟ್ಟು ಬಂದ್ರಿ?"

ಡಾಕ್ಟರಿಗೆ ಗುರುತು ಹತ್ತಲಿಲ್ಲ.

"ನಾನು ರೀ, ಪರದೆ ಹಿಂದೆ ನಿಂತು ಮಾತು ಹೇಳಿಕೊಡ್ತಿದ್ದೋಳು. ನಲವತ್ತು ವರ್ಷದ ಹಿಂದೆ ನಮ್ಮ ರಾಜನ ಪಾತ್ರದವನ ಗಂಟಲು ಕಟ್ಟಿದಾಗ ಔಷಧಿ ಕೊಡೋಕೆ ಬಂದು, ತಾಲೀಮು ನೋಡಿ, 'ಹೀಗೆ ಯಾರಾದ್ರೂ ಸಾಯ್ತಾರೇನ್ರೀ?' ಅಂತ ಕೂಗಾಡಿದ್ರಲ್ಲ! ಮೂರು ಸಂಜೆ ಕೂತು ಎಲ್ಲಾ ಸಾವನ್ನೂ ರಿಪೇರಿ ಮಾಡಿಕೊಟ್ರಿ. ತಾಲೀಮಲ್ಲಿ ಯಾರು ತಿದ್ದಿದ್ರೂ ಪ್ರತೀಲಿ ಬರ್ಕೊಳ್ಳೋದು ನನ್ನ ಕೆಲಸ. ಆಮೇಲೆ ಅಚ್ಚಿನವರು ಅದನ್ನೂ ಸೇರಿಸ್ಬಿಟ್ರು."

ಅವಳು ಪುಟ ತಿರುವಿದಳು. ಶಾಯಿಯ ಸಾಲುಗಳ ನಡುವೆ ಪೆನ್ಸಿಲ್ ಬರಹ: ಬೆರಳು, ಹೊದಿಕೆ, ಮೂಗು. ಪಕ್ಕದಲ್ಲೇ ‘ಡಾಕ್ಟ್ರು ಹೇಳಿದ್ದು’.

ಡಾಕ್ಟರು ತಮ್ಮ ನಾಡಿ ತಾವೇ ಹಿಡಿದುಕೊಂಡರು. ಹನ್ನೆರಡು ವರ್ಷ ಹುಡುಕಿದ ವೈದ್ಯ ದಿನಾ ಬೆಳಿಗ್ಗೆ ತಮ್ಮ ಕನ್ನಡಿಯಲ್ಲೇ ಗಡ್ಡ ಹೆರೆಯುತ್ತಿದ್ದ. ಅವನ ‘ಅಸಾಮಾನ್ಯ ಪ್ರತಿಭೆ’ಯ ಬಗ್ಗೆ ಒಂದಿಡೀ ಅಧ್ಯಾಯ ಬೇರೆ ಬರೆದಾಗಿತ್ತು!

"ರಬ್ಬರ್ ಇದೆಯೇನಮ್ಮಾ?" ಎಂದರು. ಆ ಎರಡು ಪದ ಅಳಿಸಿದರೆ ಪುಸ್ತಕ ಉಳಿಯುತ್ತಿತ್ತು.

ಅವಳು ಕೊಟ್ಟಳು. ಅಳಿಸಲು ಬಗ್ಗಿದಾಗ ಪಕ್ಕದಲ್ಲಿ ಕಾಟು ಹಾಕಿದ ಒಂದು ಸಾಲು ಕಂಡಿತು.

"ಇದು?"

"ನೀವೇ ಹೊಡೆದುಹಾಕಿಸಿದ್ದು. ಸಾಯೋನಿಗೆ ಅಷ್ಟು ಮಾತಾಡೋಕೆ ಉಸಿರೆಲ್ಲಿ ಅಂದ್ರಿ."

ಪೆನ್ಸಿಲ್ ಗೆರೆಯ ಕೆಳಗೆ, ಶಾಯಿಯ ಮೂಲ ಸಾಲಿನಲ್ಲಿ, ರಾಜ ಹೇಳುತ್ತಿದ್ದ: ‘ನಾನು ಹೋದ ಮೇಲೂ ದೀಪ ಆರಿಸಬೇಡಿ, ಅವಳಿಗೆ ಕತ್ತಲೆಂದರೆ ಭಯ.’

ಸಾಯುವಾಗಲೂ ಉಳಿಯುವವರ ಚಿಂತೆ ಮಾಡಿದ ಅಂಥ ಎಷ್ಟೋ ರೋಗಿಗಳನ್ನು ಡಾಕ್ಟರು ಕಂಡಿದ್ದರು. ಅವರ ಮಾತನ್ನು ಎಲ್ಲೂ ಬರೆದಿಟ್ಟಿರಲಿಲ್ಲ.

ಆ ಎರಡು ಪದ ಬಿಟ್ಟು, ರಬ್ಬರು ಆ ಗೆರೆಯ ಮೇಲೆ ಓಡಿತು. ಆಮೇಲೆ ಪ್ರೆಸ್ಸಿಗೆ ಫೋನ್ ಹಚ್ಚಿದರು. "ಅಚ್ಚು ನಿಲ್ಸಿ. ಬರೆದವನು ಸಿಕ್ಕಿದ."

"ವೈದ್ಯನೇ ತಾನೇ ಸಾರ್?"

"ಇಲ್ಲಪ್ಪಾ. ನಟನೇ."